ಕ್ರಿ.ಶ. 1368: ಒಂದೇ ವರ್ಷ, ಹತ್ತಾರು ಪಂಚಾಂಗ – ಪದೇ ಪದೇ ಕೇಳುವ ಪ್ರಶ್ನೆಗಳು

ಶಾಸನ ಓದಲು ಕಲಿಯುವವರು, ಊರಿನ ಇತಿಹಾಸ ಬರೆಯುವವರು, ಪಂಚಾಂಗದ ಲೆಕ್ಕದಲ್ಲಿ ಆಸಕ್ತಿ ಇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ. ಉತ್ತರಗಳನ್ನು ಬಿಡಿಬಿಡಿಯಾಗಿಯೂ ಓದಬಹುದು.

## ಮೊದಲ ಲೆಕ್ಕ

ಇಷ್ಟೆಲ್ಲ ವರ್ಷ ಇರುವಾಗ 1368ನ್ನೇ ಯಾಕೆ ಹಿಡ್ಕೊಂಡಿದ್ದೀರಿ?

ಎರಡು ಕಾರಣ. ಒಂದು ಶ್ರವಣಬೆಳಗೊಳದ ಭಂಡಾರಿ ಬಸದಿಯ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ನಡುವಿನ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ ತೀರ್ಮಾನಿಸಿದ್ದನ್ನು ಹೇಳುವ ಶಾಸನ ಅದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಜೈನರು ದೂರು ಕೊಂಡೊಯ್ದರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಅರಸ ಕೈಗೆ ಕೈ ಹಿಡಿಸಿಕೊಟ್ಟ. ಜೈನರಿಂದ ವರ್ಷಕ್ಕೆ ಮನೆಗೊಂದು ಹಣ ಎತ್ತಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡುವುದು, ಉಳಿದದ್ದರಲ್ಲಿ ಬಸದಿಗಳ ಜೀರ್ಣೋದ್ಧಾರ ಮಾಡುವುದು ಎಂದಾಯಿತು. ಈ ಶಾಸನದಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಆರೂ ಇವೆ. ಹಾಗಾಗಿ ಲೆಕ್ಕ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಎರಡನೆಯದು, ಅದೇ ವರ್ಷ ಚೀನದಲ್ಲಿ ಮಂಗೋಲರ ಯುವಾನ್ ವಂಶ ಬಿದ್ದು ಮಿಂಗ್ ವಂಶ ಎದ್ದಿತು. ಅಲ್ಲಿ ದಾಖಲೆಗಳು ದಿನದಿನಕ್ಕೂ ಇವೆ. ಒಂದೇ ಚಂದ್ರನನ್ನು ಎರಡು ಕಡೆಯವರು ಹೇಗೆ ಎಣಿಸಿದರು ಎಂದು ಒತ್ತಟ್ಟಿಗೆ ಇಟ್ಟು ನೋಡಬಹುದು.

1368ನೇ ಇಸವಿ ಅಂದ್ರೆ ಶಕವರ್ಷ ಎಷ್ಟು? ಕೆಲವರು 1289 ಅಂತಾರೆ, ಕೆಲವರು 1290 ಅಂತಾರೆ.

ಇಬ್ಬರ ಮಾತೂ ಸರಿ. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 20ರ ಹೊತ್ತಿಗೆ. ಅದಕ್ಕೆ ಮೊದಲಿನ ಎರಡೂವರೆ ತಿಂಗಳು ಶಕ 1289, ಪ್ಲವಂಗ ಸಂವತ್ಸರ. ಅಲ್ಲಿಂದಾಚೆಗೆ ಶಕ 1290, ಕೀಲಕ ಸಂವತ್ಸರ.

ತಿರುಗಿಸಿ ಕೇಳಿದರೂ ಇದೇ ತೊಡಕು. ಶಕ 1290ಕ್ಕೆ 78 ಕೂಡಿಸಿದರೆ 1368 ಬರುತ್ತದೆ. ಆದರೆ ಪುಷ್ಯ ಬಹುಳದ ನಡುವಿನಿಂದ ಫಾಲ್ಗುಣದ ಕೊನೆಯವರೆಗಿನ ದಿನಗಳು 1369ಕ್ಕೆ ಸೇರುತ್ತವೆ, ಅಲ್ಲಿ 79 ಕೂಡಿಸಬೇಕು. ಮಾಸದ ಹೆಸರು ನೋಡದೆ 78 ಕೂಡಿಸಿಬಿಡುವುದೇ ಸ್ಥಳಪುರಾಣದ ಪುಸ್ತಕಗಳಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಮಾಘ ಮಾಸದ ದಾನಶಾಸನಗಳೆಲ್ಲ ಒಂದು ವರ್ಷ ಹಿಂದಕ್ಕೆ ಹೋಗಿ ಕೂತಿರುತ್ತವೆ.

ಆ ವರ್ಷ ಕೀಲಕ ಸಂವತ್ಸರ ಅಂತ ಹೇಗೆ ಲೆಕ್ಕ ಹಾಕೋದು?

ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ. 1290 + 12 = 1302; ಅರವತ್ತರಿಂದ ಭಾಗಿಸಿದರೆ ಶೇಷ 42; ನಲವತ್ತೆರಡನೆಯದು ಕೀಲಕ. ಶೇಷ ಸೊನ್ನೆ ಬಂದರೆ ಅದು ಅರವತ್ತನೆಯ ಕ್ಷಯ (ಅಕ್ಷಯ). ವಿಜಯನಗರ ಸ್ಥಾಪನೆಗೆ ಸಂಪ್ರದಾಯ ಹೇಳುವ ಶಕ 1258ಕ್ಕೂ ಇದನ್ನೇ ಹಾಕಿ ನೋಡಿ: ಶೇಷ 10, ಧಾತು ಸಂವತ್ಸರ. ಈ ಸೂತ್ರ ಗತಶಕಕ್ಕೆ, ಅಂದರೆ ತುಂಬಿದ ವರ್ಷಗಳ ಎಣಿಕೆಗೆ, ಮಾತ್ರ.

ಹಿಜರಿ ಲೆಕ್ಕದಲ್ಲಿ 1368 ಯಾವ ವರ್ಷ?

ಆಗಸ್ಟ್ 15ರವರೆಗೆ 769, ಆಗಸ್ಟ್ 16ರಿಂದ 770. ಹಿಜರಿ ವರ್ಷಕ್ಕೆ 354 ಅಥವಾ 355 ದಿನ, ಅಧಿಕಮಾಸ ಇಲ್ಲ. ಅದಕ್ಕೇ ಅದು ಋತುಗಳ ಮೇಲೆ ಜಾರುತ್ತ ಹೋಗುತ್ತದೆ, ಸುಮಾರು 33 ವರ್ಷಕ್ಕೊಮ್ಮೆ ಇಡೀ ವರ್ಷವನ್ನು ಸುತ್ತಿ ಬರುತ್ತದೆ. ಬರಿಯ ಕೂಡು-ಕಳೆ ಇಲ್ಲಿ ನಡೆಯದು. ಅಂದಾಜಿಗೆ ಹಿಜರಿ ಸಂಖ್ಯೆಯನ್ನು 0.970229ರಿಂದ ಗುಣಿಸಿ 621.57 ಕೂಡಿಸಿ. 770ಕ್ಕೆ 1368.65 ಬರುತ್ತದೆ, ಅಂದರೆ 1368ರ ಮೂರನೆಯ ಎರಡು ಭಾಗ ಕಳೆಯುವ ಹೊತ್ತಿಗೆ 770 ಶುರು. ದಿನ ಬೇಕಿದ್ದರೆ ಕೋಷ್ಟಕವನ್ನೇ ನೋಡಬೇಕು. ಅಷ್ಟಾದರೂ ತಿಂಗಳು ನಿಂತಿರುವುದು ಚಂದ್ರದರ್ಶನದ ಮೇಲೆ, ಆದ್ದರಿಂದ ಒಂದು ದಿನ ಆಚೀಚೆ ಆಗಬಹುದು.

ಒಂದೇ ದಿನವನ್ನು ಎಲ್ಲ ಪಂಚಾಂಗಗಳಲ್ಲೂ ಬರೆದು ತೋರಿಸಿ.

ಶ್ರವಣಬೆಳಗೊಳ ಶಾಸನದ ದಿನವನ್ನೇ ತೆಗೆದುಕೊಳ್ಳೋಣ.

- ಜೂಲಿಯನ್ (ಯುರೋಪಿನ ಆಗಿನ ಪಂಚಾಂಗ): 24 ಆಗಸ್ಟ್ 1368, ಗುರುವಾರ
- ಶಕ: 1290 (ಗತ), ಕೀಲಕ, ಭಾದ್ರಪದ ಶುದ್ಧ 10
- ಕಲಿಯುಗ: 4469 (ಗತ)
- ವಿಕ್ರಮ: ಚೈತ್ರದಿಂದ ಎಣಿಸುವವರಿಗೆ 1425, ಕಾರ್ತಿಕದಿಂದ ಎಣಿಸುವ ಗುಜರಾತಿನವರಿಗೆ ಇನ್ನೂ 1424
- ವೀರನಿರ್ವಾಣ: 1894, ದೀಪಾವಳಿ ಕಳೆದ ಮೇಲೆ 1895
- ಕೊಲ್ಲಂ: ಸಿಂಹದಿಂದ ವರ್ಷ ಎಣಿಸುವ ತೆಂಕಣ ಕೇರಳದಲ್ಲಿ 544, ಕನ್ಯೆಯಿಂದ ಎಣಿಸುವ ಬಡಗಣ ಕೇರಳದಲ್ಲಿ 543
- ನೇಪಾಳ ಸಂವತ್: 488
- ಹಿಜರಿ: 9 ಮೊಹರಂ 770
- ಯಹೂದಿ: 9 ಎಲುಲ್ 5128
- ಚೀನ: ಹೊಂಗ್ವು (ಮಿಂಗ್ ವಂಶದ ಮೊದಲ ಚಕ್ರವರ್ತಿಯ ಶಕೆ) 1, ಅಧಿಕ ಏಳನೆಯ ತಿಂಗಳು, 11ನೇ ದಿನ
- ಬೈಜಾಂಟೈನ್ ಸೃಷ್ಟಿವರ್ಷ: 6876, ಎಂಟು ದಿನ ಕಳೆದು ಸೆಪ್ಟೆಂಬರ್ 1ಕ್ಕೆ 6877
- ಕಾಪ್ಟಿಕ್: 1084, ಐದು ದಿನ ಕಳೆದು ಆಗಸ್ಟ್ 29ಕ್ಕೆ 1085
- ಬರ್ಮಾ: 730
- ಕ್ಯಾಸ್ಟೀಲ್‌ನ ಸ್ಪೇನ್ ಶಕೆ: 1406

ಫಸಲಿಯನ್ನು ಈ ಪಟ್ಟಿಗೆ ಸೇರಿಸಿಲ್ಲ. ಅದು ಅಕ್ಬರನ ಕಾಲದಲ್ಲಿ ಹುಟ್ಟಿದ ಕಂದಾಯದ ಲೆಕ್ಕ. ಹಿಂದಕ್ಕೆ ಎಳೆದು 1368ಕ್ಕೆ ಅಂಟಿಸಿದರೆ ಅರ್ಥವಿಲ್ಲ. 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದ ಚೈತ್ರ-ವೈಶಾಖಗಳಿಗೂ ಇದೇ ಮಾತು: ಹೆಸರು ಹಳೆಯದು, ತಿಂಗಳು ಹೊಸದು.

## ಶಾಸನ ಓದುವವರಿಗೆ

ಶಾಸನದಲ್ಲಿ “ಶಕವರ್ಷ 1290ನೆಯ ಕೀಲಕ ಸಂವತ್ಸರದ ಭಾದ್ರಪದ ಶು 10 ಬೃ” ಅಂತಿದೆ. ಇದನ್ನ ಇಂಗ್ಲಿಷ್ ತಾರೀಖಿಗೆ ತಿರುಗಿಸೋದು ಹೇಗೆ?

ಕೈಯಲ್ಲೇ ಮಾಡಬಹುದು. ಬೇಕಾದ್ದು ಆ ಕಾಲದ ಅಮಾವಾಸ್ಯೆಗಳ ಒಂದು ಪಟ್ಟಿ ಮತ್ತು ಕಾಗದ-ಪೆನ್ನು.

ಮೊದಲು ಶಕವೂ ಸಂವತ್ಸರವೂ ಹೊಂದುತ್ತವೆಯೇ ನೋಡಿ. 1290 + 12, ಶೇಷ 42, ಕೀಲಕ. ಹೊಂದಿತು, ಸಂಖ್ಯೆ ಗತಶಕವೆಂದೂ ಅಲ್ಲೇ ಖಚಿತವಾಯಿತು. ಭಾದ್ರಪದ ವರ್ಷದ ಮೊದಲರ್ಧದ ಮಾಸವಾದ್ದರಿಂದ 78 ಕೂಡಿಸಿ: 1368.

ಮುಂದೆ ಮಾಸದ ಆರಂಭ. ಚೈತ್ರ ಶುದ್ಧ ಪಾಡ್ಯ ಮಾರ್ಚ್ 20ರ ಸುಮಾರಿಗೆ. ಅಲ್ಲಿಂದ ಐದು ಚಾಂದ್ರಮಾಸ ಕಳೆಯಬೇಕು, ಒಂದಕ್ಕೆ 29.53 ದಿನದಂತೆ 147.65 ದಿನ. ಆಗಸ್ಟ್ 14ಕ್ಕೆ ಅಮಾವಾಸ್ಯೆ ಸಿಗುತ್ತದೆ. ನಡುವೆ ಅಧಿಕಮಾಸ ಬಂದಿದ್ದರೆ ಇಡೀ ತಿಂಗಳು ಮುಂದಕ್ಕೆ ಹೋಗುತ್ತದೆ, ಅದನ್ನು ಪರೀಕ್ಷಿಸದೆ ಮುಂದೆ ಹೆಜ್ಜೆ ಇಡಬೇಡಿ. ಪರೀಕ್ಷೆ ಸುಲಭ: ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ನಡುವೆ ಒಂದು ಸಂಕ್ರಮಣ ಇದ್ದರೆ ನಿಜಮಾಸ, ಇಲ್ಲದಿದ್ದರೆ ಅಧಿಕ. ಆ ವರ್ಷ ಮೇಷ ಸಂಕ್ರಮಣ ಮಾರ್ಚ್ 26ರ ಹೊತ್ತಿಗೆ, ಕನ್ಯಾ ಸಂಕ್ರಮಣ ಆಗಸ್ಟ್ ಕೊನೆಗೆ. ಕೀಲಕದಲ್ಲಿ ಅಧಿಕಮಾಸವೇ ಬೀಳಲಿಲ್ಲ.

ಅಮಾವಾಸ್ಯೆ 14ರ ಹಗಲಲ್ಲಿ ಮುಗಿದದ್ದರಿಂದ 15ರ ಸೂರ್ಯೋದಯಕ್ಕೆ ಪಾಡ್ಯ, 24ಕ್ಕೆ ದಶಮಿ. ಉಳಿದದ್ದು ವಾರ. ಜೂಲಿಯನ್ ತಾರೀಖಿಗೆ ವಾರ ಹುಡುಕಲು ಐದು ಅಂಕಿ ಕೂಡಿಸಿದರೆ ಸಾಕು: ತಾರೀಖು 24; ತಿಂಗಳ ಸಂಖ್ಯೆಗೆ 1 ಕೂಡಿಸಿ 13ರಿಂದ ಗುಣಿಸಿ 5ರಿಂದ ಭಾಗಿಸಿದ ಪೂರ್ಣಾಂಕ, ಇಲ್ಲಿ 9 × 13 ÷ 5 = 23; ಇಸವಿ 1368; ಇಸವಿಯ ಕಾಲುಭಾಗದ ಪೂರ್ಣಾಂಕ 342; ಕೊನೆಗೆ 5. ಒಟ್ಟು 1762. ಏಳರಿಂದ ಭಾಗಿಸಿದರೆ ಶೇಷ 5. ಶನಿವಾರವನ್ನು ಸೊನ್ನೆಯಾಗಿಟ್ಟು ಎಣಿಸಿ: ಭಾನು 1, ಸೋಮ 2, ಹೀಗೆ ಐದು ಗುರುವಾರ. ಶಾಸನದ “ಬೃ” ಅಂದರೆ ಬೃಹಸ್ಪತಿವಾರ. ಕೂಡಿತು.

ಜನವರಿ, ಫೆಬ್ರವರಿಗಳನ್ನು ಮಾತ್ರ ಹಿಂದಿನ ಇಸವಿಯ 13 ಮತ್ತು 14ನೇ ತಿಂಗಳೆಂದು ಹಿಡಿಯಬೇಕು. ಇದನ್ನು ಮರೆತವರ ವಾರ ಯಾವಾಗಲೂ ತಪ್ಪುತ್ತದೆ.

ಫೋನಲ್ಲಿ ಹಾಕಿ ನೋಡಿದೆ, 24 ಆಗಸ್ಟ್ 1368 ಬುಧವಾರ ಅಂತ ತೋರಿಸ್ತಿದೆ. ಶಾಸನದ್ದೇ ತಪ್ಪಾ?

ಶಾಸನದ್ದು ಸರಿ, ಫೋನೂ ತನ್ನ ಲೆಕ್ಕದಲ್ಲಿ ಸರಿಯೇ. ಇಂದು ನಾವು ಬಳಸುವ ಗ್ರೆಗೋರಿಯನ್ ಪಂಚಾಂಗ ಹುಟ್ಟಿದ್ದು 1582ರ ಅಕ್ಟೋಬರಿನಲ್ಲಿ. ಹಲವು ತಂತ್ರಾಂಶಗಳು ಅದೇ ನಿಯಮವನ್ನು ಹುಟ್ಟುವುದಕ್ಕೆ ಮುಂಚಿನ ಶತಮಾನಗಳಿಗೂ ಹಿಂದಕ್ಕೆ ಎಳೆದುಬಿಡುತ್ತವೆ. ಇತಿಹಾಸಕಾರರು 1582ಕ್ಕೆ ಹಿಂದಿನ ತಾರೀಖುಗಳನ್ನು ಜೂಲಿಯನ್‌ನಲ್ಲೇ ಬರೆಯುತ್ತಾರೆ. 1368ರಲ್ಲಿ ಎರಡಕ್ಕೂ ಎಂಟು ದಿನ ಅಂತರ. ಫೋನಿನ 24 ಆಗಸ್ಟ್ ನಿಜಕ್ಕೂ ಜೂಲಿಯನ್ 16 ಆಗಸ್ಟ್, ಅದು ಬುಧವಾರವೇ. ನಮಗೆ ಬೇಕಾದ ದಿನವನ್ನು ಫೋನಿನಲ್ಲಿ ಕಾಣಬೇಕಾದರೆ 1 ಸೆಪ್ಟೆಂಬರ್ 1368 ಎಂದು ಹಾಕಿ. ಗುರುವಾರ ಬರುತ್ತದೆ.

ಎಂಟು ದಿನ ಎಂದರೆ ಒಂದು ವಾರ, ಮೇಲೊಂದು ದಿನ. ಹಾಗಾಗಿ ಹದಿನಾಲ್ಕನೇ ಶತಮಾನದ ಬಹುಪಾಲು ಶಾಸನಗಳಿಗೆ ಫೋನು ಒಂದು ದಿನ ಹಿಂದಿನ ವಾರದ ಹೆಸರನ್ನು ತೋರಿಸುತ್ತದೆ: ಗುರುವಾರಕ್ಕೆ ಬುಧ, ಸೋಮವಾರಕ್ಕೆ ಭಾನು. ಒಂದೇ ದಿನದ ವ್ಯತ್ಯಾಸ ಕಂಡು “ತಿಥಿ ಸ್ವಲ್ಪ ಆಚೀಚೆ ಆಗಿರಬೇಕು” ಎಂದು ಸಮಾಧಾನ ಪಟ್ಟುಕೊಂಡವರು ಬಹಳ. ಖಗೋಳದ ತಂತ್ರಾಂಶಗಳು ಸಾಮಾನ್ಯವಾಗಿ 1582ಕ್ಕೆ ಹಿಂದೆ ತಾವೇ ಜೂಲಿಯನ್‌ಗೆ ಇಳಿಯುತ್ತವೆ. ಎಕ್ಸೆಲ್ ಅಂತೂ 1900ಕ್ಕೆ ಹಿಂದಿನದನ್ನು ತಾರೀಖೆಂದೇ ಒಪ್ಪುವುದಿಲ್ಲ.

ಗತಶಕ, ವರ್ತಮಾನ ಶಕ ಅಂದ್ರೇನು? ಶಾಸನದಲ್ಲಿ ಯಾವುದು ಅಂತ ತಿಳಿಯೋದು ಹೇಗೆ?

ಮಗುವಿಗೆ ಐದು ತುಂಬಿತು ಎನ್ನುವುದಕ್ಕೂ ಆರನೆಯದು ನಡೆಯುತ್ತಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಇದು. 1290 ವರ್ಷ ತುಂಬಿ 1291ನೆಯದು ನಡೆಯುತ್ತಿರುವ ಕಾಲವನ್ನು ಒಬ್ಬರು ಗತ 1290 ಎಂದರೆ ಇನ್ನೊಬ್ಬರು ವರ್ತಮಾನ 1291 ಎನ್ನಬಹುದು. ಕೆಲವು ಶಾಸನಗಳಲ್ಲಿ “ಸಂದ” ಎಂಬ ಮಾತು ಇರುತ್ತದೆ, ಅದು ಗತ. ಆದರೆ “1290ನೆಯ” ಎಂದು ಕಂಡ ಮಾತ್ರಕ್ಕೆ ವರ್ತಮಾನ ಎಂದುಕೊಳ್ಳಬೇಡಿ. ವಿಜಯನಗರದ ಕಾಲದಲ್ಲಿ “ನೆಯ” ಇದ್ದೂ ಗತವಾಗಿರುವುದೇ ಹೆಚ್ಚು, ಬೆಳಗೊಳದ ಶಾಸನವೇ ಉದಾಹರಣೆ. ವ್ಯಾಕರಣವನ್ನು ನಂಬುವುದಕ್ಕಿಂತ ಸಂವತ್ಸರವನ್ನು ನಂಬಿ. ಕೀಲಕದ ಜೊತೆ 1290 ಇದ್ದರೆ ಗತ, 1291 ಇದ್ದರೆ ವರ್ತಮಾನ, 1289 ಇದ್ದರೆ ಬರೆದವನೋ ಓದಿದವನೋ ಎಡವಿದ್ದಾನೆ.

ಶು, ಬ, ಬೃ, ಬು ಅಂತೆಲ್ಲ ಬರೀ ಒಂದಕ್ಷರ ಇರುತ್ತೆ. ಗೊಂದಲ ಆಗಲ್ವಾ?

ಆಗುತ್ತದೆ. ತಿಥಿಯ ಅಂಕಿಗೆ ಮೊದಲು ಬಂದ “ಶು” ಶುದ್ಧ, ಅಂಕಿಯ ನಂತರ ಬಂದ “ಶು” ಶುಕ್ರವಾರ. “ಬ” ಬಹುಳ, “ಬು” ಬುಧವಾರ, “ಬೃ” ಅಥವಾ “ಗು” ಗುರುವಾರ. ಸವೆದ ಕಲ್ಲಿನಲ್ಲಿ ಬು, ಬೃಗಳ ಕೊಂಬು-ಸುಳಿ ಒಂದೇ ಥರ ಕಾಣುತ್ತವೆ. ಅಚ್ಚೊತ್ತಿದ ಪ್ರತಿ ಇದ್ದರೆ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಇನ್ನೊಮ್ಮೆ ನೋಡುವುದು ಒಳ್ಳೆಯದು. “ವಡ್ಡವಾರ” ಎಂದು ಕಂಡರೆ ಶನಿವಾರವೆಂದು ಹಿಡಿದು ಲೆಕ್ಕ ಮಾಡಿ.

ಅಮಾಂತ, ಪೂರ್ಣಿಮಾಂತ ಗಲಾಟೆ ಇಲ್ಲಿ ಬರುತ್ತಾ?

ತಿಂಗಳು ಅಮಾವಾಸ್ಯೆಗೆ ಮುಗಿದರೆ ಅಮಾಂತ, ಹುಣ್ಣಿಮೆಗೆ ಮುಗಿದರೆ ಪೂರ್ಣಿಮಾಂತ. ಶುದ್ಧ ಪಕ್ಷದ ತಿಥಿಗಳಿಗೆ ಗಲಾಟೆ ಬರುವುದಿಲ್ಲ. ಎರಡೂ ಪದ್ಧತಿಯಲ್ಲಿ ಮಾಸದ ಹೆಸರು ಒಂದೇ. ಬಹುಳಕ್ಕೆ ಬರುತ್ತದೆ: ಕನ್ನಡನಾಡಿನ ಭಾದ್ರಪದ ಬಹುಳ ಉತ್ತರದವರಿಗೆ ಆಶ್ವಯುಜ ಕೃಷ್ಣ. ಕರ್ನಾಟಕದ ಶಾಸನಗಳಿಗೆ ಅಮಾಂತವೇ.

ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದ್ದು ಅಂತ ಎಲ್ಲ ಕಡೆ ಬರೆದಿದೆ. ಅದು 1368 ಯಾಕಾಗಬಾರದು?

ಖಂಡಿತ ಆಗಬಹುದು. ಶಾಸನ ಹೇಳುವುದು ಹಿಜರಿ 769. ಆ ವರ್ಷ 28 ಆಗಸ್ಟ್ 1367ಕ್ಕೆ ಹುಟ್ಟಿ 15 ಆಗಸ್ಟ್ 1368ಕ್ಕೆ ಮುಗಿಯಿತು. 354 ದಿನಗಳಲ್ಲಿ 126 ಮಾತ್ರ 1367ರಲ್ಲಿವೆ, ಉಳಿದ 228 ದಿನ 1368ರಲ್ಲಿವೆ. ಹಿಜರಿ ವರ್ಷ ಯಾವ ಇಸವಿಯಲ್ಲಿ ಶುರುವಾಗುತ್ತದೋ ಆ ಇಸವಿಯನ್ನೇ ಬರೆಯುವುದು ಒಂದು ರೂಢಿ, ಅಷ್ಟೇ; ಅದರಿಂದ 1367 ಎಂದು ಬಂತು. ವರ್ಷ ಮಾತ್ರ ಗೊತ್ತಿದ್ದಾಗ “ಹಿಜರಿ 769 (1367–68)” ಎಂದು ಬರೆಯುವುದೇ ಪ್ರಾಮಾಣಿಕ. ಬಹಮನಿ ನಾಣ್ಯಗಳಿಗೂ ಇದೇ ನಿಯಮ. ಒಂದನೇ ಮಹಮ್ಮದ್ ಶಾಹನ ನಾಣ್ಯದಲ್ಲಿ 770 ಕಂಡರೆ ಅದು 1368ರ ಕೊನೆಯ ನಾಲ್ಕೂವರೆ ತಿಂಗಳೂ ಆಗಬಹುದು, 1369ರ ಮೊದಲ ಏಳು ತಿಂಗಳೂ ಆಗಬಹುದು.

ಕೆಲವು ಶಾಸನ, ಕಾವ್ಯಗಳಲ್ಲಿ ಅಂಕಿಯೇ ಇರಲ್ಲ. ನೇತ್ರ, ನಂದ, ಇಂದು ಅಂತ ಪದಗಳಿರ್ತವೆ. ಅದು ವರ್ಷವಾ?

ಹೌದು, ಭೂತಸಂಖ್ಯೆ. ಖ ಎಂದರೆ ಆಕಾಶ, ಸೊನ್ನೆ; ನಂದರು ಒಂಬತ್ತು; ನೇತ್ರ ಎರಡು; ಇಂದು ಒಂದು. “ಖ-ನಂದ-ನೇತ್ರ-ಇಂದು” ಎಂದಿದ್ದರೆ ಬರೆದ ಸಾಲಿನಲ್ಲಿ 0, 9, 2, 1. ಬಲದಿಂದ ಎಡಕ್ಕೆ ಓದಬೇಕು: 1290. ನೆಟ್ಟಗೆ ಓದಿ 0921 ಎಂದುಕೊಂಡು ಗಂಗರ ಕಾಲಕ್ಕೆ ಒಯ್ಯುವ ಅಪಾಯ ಉಂಟು. ಪದಗಳೂ ಕೆಲವೊಮ್ಮೆ ಜಾರುತ್ತವೆ: ಸಮುದ್ರ ನಾಲ್ಕೂ ಆಗುತ್ತದೆ, ಏಳೂ ಆಗುತ್ತದೆ. ಅಂಥಲ್ಲಿ ಮತ್ತೆ ಸಂವತ್ಸರವೇ ತೀರ್ಪುಗಾರ.

## ಕನ್ನಡನಾಡಿನ ಆಚೆ

ಮಿಂಗ್ ವಂಶ ಶುರುವಾದ ದಿನ ಯಾವುದು? ಬೇರೆ ಬೇರೆ ಕಡೆ ಬೇರೆ ಬೇರೆ ಇದೆ.

ಝು ಯುವಾನ್‌ಝಾಂಗ್ ಸಿಂಹಾಸನ ಏರಿದ್ದು ಮೊದಲ ತಿಂಗಳ ನಾಲ್ಕನೇ ದಿನ, ಅಂದರೆ 23 ಜನವರಿ 1368. ಹೊಸ ವರ್ಷದ ಮೊದಲ ದಿನ ಜನವರಿ 20. ಎರಡು ತಾರೀಖು ಓಡಾಡುವುದಕ್ಕೆ ಇದೇ ಕಾರಣ: ಒಂದು ಪಟ್ಟಾಭಿಷೇಕದ್ದು, ಇನ್ನೊಂದು ಹೊಂಗ್ವು ಮೊದಲ ವರ್ಷದ್ದು. ಆದರೆ ರಾಜಧಾನಿ ದಾದು (ಇಂದಿನ ಬೀಜಿಂಗ್) ಇನ್ನೂ ಮಂಗೋಲರ ಕೈಯಲ್ಲಿತ್ತು. ಅಲ್ಲಿನ ದಾಖಲೆಗೆ ಅದೇ ವರ್ಷ ಝಿಝೆಂಗ್ 28. ಸೇನಾನಿ ಶೂ ದಾ ನಗರವನ್ನು ಹಿಡಿದದ್ದು ಸೆಪ್ಟೆಂಬರ್ 14ಕ್ಕೆ. ಸುಮಾರು ಎಂಟು ತಿಂಗಳು ಚೀನದಲ್ಲಿ ಒಂದೇ ದಿನಕ್ಕೆ ಎರಡು ರಾಜವರ್ಷ.

ಚೀನದವರೂ ಅರವತ್ತು ವರ್ಷದ ಚಕ್ರ ಎಣಿಸ್ತಾರಲ್ಲ, ಅದೂ ನಮ್ಮದೂ ಒಂದೇನಾ?

ಚಕ್ರದ ಉದ್ದ ಒಂದೇ, ಮೊದಲು ಬೇರೆ. 1368 ಅವರಿಗೆ 45ನೆಯ ವರ್ಷ, ಭೂಮಿ-ಮಂಗ (ವುಶೆನ್). ನಮಗೆ 42ನೆಯದು. ಈ ಮೂರರ ಅಂತರ ದಕ್ಷಿಣದ ಲೆಕ್ಕದೊಡನೆ ಎಂದೂ ಬದಲಾಗುವುದಿಲ್ಲ: 1987ರ ಪ್ರಭವ (1) ಅವರ 4ನೆಯ ವರ್ಷ. ಕನ್ನಡ ಪಂಚಾಂಗ ಕೈಯಲ್ಲಿದ್ದವರು ಮೂರು ಕೂಡಿಸಿ ಚೀನದ ವರ್ಷ ಹೇಳಬಹುದು, ಅವರ ಹೊಸ ವರ್ಷ ಯುಗಾದಿಗಿಂತ ಒಂದೆರಡು ತಿಂಗಳು ಮೊದಲೇ ಬರುತ್ತದೆಂಬುದು ನೆನಪಿದ್ದರೆ.

ಆ ದಿನದ ಪಟ್ಟಿಯಲ್ಲಿ ಚೀನಕ್ಕೆ “ಅಧಿಕ ಏಳನೆಯ ತಿಂಗಳು” ಅಂತಿದೆ, ನಮಗೆ ನಿಜ ಭಾದ್ರಪದ. ಚಂದ್ರ ಒಬ್ಬನೇ ಅಲ್ವಾ?

ಈ ಪುಟದ ಅತ್ಯಂತ ರುಚಿಕಟ್ಟಾದ ಪ್ರಶ್ನೆ ಇದು. ಚಂದ್ರ ಒಬ್ಬನೇ, ಅಮಾವಾಸ್ಯೆಯೂ ಒಂದೇ, ಆಗಸ್ಟ್ 14. ಅಲ್ಲಿಂದ ಸೆಪ್ಟೆಂಬರ್ 12ರವರೆಗಿನ ಚಂದ್ರಮಾನ ತಿಂಗಳು ವಿಜಯನಗರದಲ್ಲಿ ಭಾದ್ರಪದ, ಕಲಬುರಗಿಯಲ್ಲಿ ಮೊಹರಂ, ಚೀನದಲ್ಲಿ ಅಧಿಕ ಏಳು, ಯಹೂದಿಗಳಿಗೆ ಎಲುಲ್. ಬೆಳಗೊಳದಲ್ಲಿ ಕೈ ಹಿಡಿಸಿದ ಸುದ್ದಿ ಕಲ್ಲಿಗೆ ಏರುತ್ತಿದ್ದ ಅದೇ ತಿಂಗಳ 28ನೇ ದಿನ, ಸೆಪ್ಟೆಂಬರ್ 10ಕ್ಕೆ, ಯುವಾನರ ಕೊನೆಯ ಚಕ್ರವರ್ತಿ ತೊಘೊನ್ ತೆಮೂರ್ ದಾದುವನ್ನು ಬಿಟ್ಟು ಉತ್ತರಕ್ಕೆ ಓಡಿದ.

ತಿಂಗಳು ಅಧಿಕವೋ ನಿಜವೋ ಎಂದು ತೀರ್ಮಾನಿಸುವವನು ಚಂದ್ರನಲ್ಲ, ಸೂರ್ಯ. ನಿಯಮ ಎರಡು ಕಡೆಯೂ ಒಂದೇ ಬಗೆಯದು: ಸೂರ್ಯ ಒಂದು ಗೆರೆ ದಾಟದ ತಿಂಗಳು ಅಧಿಕ. ಗೆರೆಗಳು ಮಾತ್ರ ಬೇರೆ. ನಮ್ಮ ಸಂಕ್ರಮಣ ನಿರಯನ, ನಕ್ಷತ್ರಗಳಿಗೆ ಕಟ್ಟಿದ್ದು. ಚೀನದ ಗೆರೆ ಸಾಯನ, ವಿಷುವಕ್ಕೆ ಕಟ್ಟಿದ್ದು. ಆ ಶತಮಾನದಲ್ಲಿ ಎರಡಕ್ಕೂ ಸುಮಾರು ಅರ್ಧ ತಿಂಗಳ ಅಂತರ ಬೆಳೆದಿತ್ತು. ಆ ತಿಂಗಳ ನಟ್ಟನಡುವೆ, ಆಗಸ್ಟ್ ಕೊನೆಗೆ, ಸೂರ್ಯ ನಮ್ಮ ಕನ್ಯಾರಾಶಿಗೆ ಕಾಲಿಟ್ಟ. ಚೀನದ ಗೆರೆ ಶರದ್ ವಿಷುವ. ಅದು ಬಂದದ್ದು ತಿಂಗಳು ಮುಗಿದ ಮರುದಿನಗಳಲ್ಲಿ. ಹಾಗಾಗಿ ನಮಗೆ ಸಂಕ್ರಮಣ ಇದ್ದ ತಿಂಗಳು ಅವರಿಗೆ ಗೆರೆಯಿಲ್ಲದ ತಿಂಗಳಾಯಿತು. ಚೀನದ ಘಟನೆಯನ್ನು “ಏಳನೇ ತಿಂಗಳು” ಎಂದು ಬರೆದು “ಅಧಿಕ” ಎಂಬುದನ್ನು ಬಿಟ್ಟರೆ ತಾರೀಖು ಒಂದು ತಿಂಗಳು ಹಿಂದೆ ಹೋಗುತ್ತದೆ.

ಜಪಾನಿನಲ್ಲಿ?

ಆಗ ಅಲ್ಲಿ ಎರಡು ಆಸ್ಥಾನ, ಎರಡು ಶಕೆ. ದಕ್ಷಿಣದವರಿಗೆ ಶೋಹೆಯ್ 23. ಉತ್ತರದವರು ಜೋಜಿ 7ರಲ್ಲಿ ವರ್ಷ ಆರಂಭಿಸಿ ನಡುವೆಯೇ ಓಆನ್ 1 ಎಂದು ಬದಲಿಸಿದರು. ಅಶಿಕಾಗಾ ಯೋಶಿಮಿತ್ಸು ಶೋಗುನ್ ಆದದ್ದು ಓಆನ್ 1ರ ಕೊನೆಯ ದಿನ. ಅದಕ್ಕೆ ಪುಸ್ತಕಗಳಲ್ಲಿ 1368 ಎಂದೇ ಇದೆ, ಆದರೆ ಜೂಲಿಯನ್ ಲೆಕ್ಕಕ್ಕೆ ಅದು 1369ರ ಫೆಬ್ರವರಿ.

ಯುರೋಪಲ್ಲಾದ್ರೂ ಎಲ್ಲರಿಗೂ 1368 ಒಂದೇ ಇತ್ತಲ್ವಾ?

ಇರಲಿಲ್ಲ. ತಿಂಗಳು-ತಾರೀಖಿಗೆ ಎಲ್ಲರೂ ಜೂಲಿಯನ್ನೇ ಬಳಸುತ್ತಿದ್ದರು, ವರ್ಷದ ಅಂಕಿ ಬದಲಿಸುವ ದಿನ ಮಾತ್ರ ಊರಿಗೊಂದು. ಇಂಗ್ಲೆಂಡಿಗೂ ಫ್ಲಾರೆನ್ಸಿಗೂ ಮಾರ್ಚ್ 25. ವೆನಿಸ್‌ಗೆ ಮಾರ್ಚ್ 1. ಜರ್ಮನ್ ನಾಡುಗಳಲ್ಲಿ ಹೆಚ್ಚಾಗಿ ಕ್ರಿಸ್‌ಮಸ್. ಪೀಸಾ ಕೂಡ ಮಾರ್ಚ್ 25ಕ್ಕೇ ಬದಲಿಸುತ್ತಿತ್ತು, ಆದರೆ ಫ್ಲಾರೆನ್ಸಿಗಿಂತ ಒಂದು ವರ್ಷ ಮುಂದೆ! ನಾವು ಏಪ್ರಿಲ್ 1, 1368 ಎನ್ನುವ ದಿನ ಫ್ಲಾರೆನ್ಸಿನ ವ್ಯಾಪಾರಿ 1368 ಎಂದು ಬರೆದರೆ ಒಂದೆರಡು ದಿನದ ದಾರಿಯ ಪೀಸಾದವನು 1369 ಎಂದು ಬರೆಯುತ್ತಿದ್ದ.

ಫ್ರಾನ್ಸಿನದು ಇನ್ನೂ ವಿಚಿತ್ರ. ಅಲ್ಲಿ ಈಸ್ಟರ್‌ನಿಂದ ಈಸ್ಟರ್‌ಗೆ ವರ್ಷ. 1368ರ ಈಸ್ಟರ್ ಏಪ್ರಿಲ್ 9, ಮುಂದಿನದು ಏಪ್ರಿಲ್ 1. ಹಾಗಾಗಿ ಫ್ರೆಂಚರ 1368ರಲ್ಲಿ 357 ದಿನ ಮಾತ್ರ. ಏಪ್ರಿಲ್ 1ರಿಂದ 8ರವರೆಗಿನ ತಾರೀಖುಗಳು ಆ ವರ್ಷದಲ್ಲಿ ಇರಲೇ ಇಲ್ಲ. ಲಕ್ಸೆಂಬರ್ಗಿನ ಸಿಗಿಸ್ಮಂಡ್ ನ್ಯೂರೆಂಬರ್ಗಿನಲ್ಲಿ ಹುಟ್ಟಿದ್ದು ಈಗಿನ ಲೆಕ್ಕಕ್ಕೆ 1368ರ ಫೆಬ್ರವರಿ. ಲಂಡನ್, ಪ್ಯಾರಿಸ್, ಫ್ಲಾರೆನ್ಸಿನವರಿಗೆ ಅದು 1367. ಆದ್ದರಿಂದ ಜನವರಿ 1ರಿಂದ ಏಪ್ರಿಲ್ ನಡುವಿನ ಯುರೋಪಿನ ಯಾವ ತಾರೀಖನ್ನೂ ಮೂಲದ ಊರು ಯಾವುದೆಂದು ಕೇಳದೆ ಒಪ್ಪಬಾರದು.

ಯಹೂದಿಗಳ ಮುಂದಿನ ವರ್ಷ 5129 ಸೆಪ್ಟೆಂಬರ್ 14ಕ್ಕೆ ಶುರುವಾಯ್ತಂತೆ. ಅಮಾವಾಸ್ಯೆ 12ಕ್ಕೇ ಆಗಿತ್ತಲ್ಲ?

ಅವರ ದಿನ ಸಂಜೆಗೆ ಹುಟ್ಟುತ್ತದೆ. 12ರ ಮಂಗಳವಾರ ರಾತ್ರಿ ಬಿದ್ದ ಲೆಕ್ಕದ ಅಮಾವಾಸ್ಯೆ ಅವರಿಗೆ ಬುಧವಾರದ್ದು. ಭಾನುವಾರ, ಬುಧವಾರ, ಶುಕ್ರವಾರ ಹೊಸ ವರ್ಷ ಬರಕೂಡದೆಂಬ ನಿಯಮ ಇರುವುದರಿಂದ ಒಂದು ದಿನ ಮುಂದೂಡಿ ಗುರುವಾರ, 14ಕ್ಕೆ ಇಟ್ಟರು. ಅದೇ ದಿನ ದಾದು ಮಿಂಗ್ ಸೇನೆಯ ಕೈಸೇರಿತು ಎಂಬುದು ಬರಿಯ ಕಾಕತಾಳೀಯ.

ಶಕವರ್ಷವನ್ನು ಭಾರತದ ಹೊರಗೂ ಬಳಸ್ತಿದ್ರಾ?

ಜಾವಾದಲ್ಲಿ ಧಾರಾಳವಾಗಿ. ಮಜಾಪಹಿತ್ ಅರಸ ಹಯಮ್ ವುರುಕ್‌ನ ಕಾಲದ ನಾಗರಕೃತಾಗಮ ಕಾವ್ಯ ಮುಗಿದದ್ದು ಶಕ 1287, ಅಂದರೆ 1365ರಲ್ಲಿ. ಇನ್ನೊಂದು ತಮಾಷೆ: ಇರಾನಿನ ಜಲಾಲಿ ಶಕೆ 1079ರಲ್ಲಿ ಹುಟ್ಟಿದ್ದರಿಂದ 1368ರ ವಸಂತದಲ್ಲಿ ಅಲ್ಲಿ 290ನೇ ವರ್ಷ, ನಮ್ಮ 1290ಕ್ಕೆ ಸರಿಯಾಗಿ ಸಾವಿರ ಕಡಮೆ. ಸಂಬಂಧ ಏನೂ ಇಲ್ಲ.

## ಇನ್ನಷ್ಟು ಒಳಗೆ

ತಮಿಳರಿಗೂ ತುಳುವರಿಗೂ ಆಗ ಕೀಲಕವೇನಾ? ಬಿಸು ಯಾವತ್ತು?

ತಮಿಳರಿಗೆ ಸಂವತ್ಸರದ ಹೆಸರು ಅದೇ, ಆರಂಭ ಮೇಷ ಸಂಕ್ರಮಣಕ್ಕೆ. ಹಾಗಾಗಿ ಮಾರ್ಚ್ 20ರಿಂದ 26ರವರೆಗಿನ ಒಂದು ವಾರ ಹಂಪೆಯಲ್ಲಿ ಕೀಲಕ, ಮಧುರೆಯಲ್ಲಿ ಇನ್ನೂ ಪ್ಲವಂಗ. ಬಿಸುವೂ ಆ ಸಂಕ್ರಮಣದ ಹಬ್ಬವೇ. ಇಂದು ಅದು ಏಪ್ರಿಲ್ 14ರ ಹೊತ್ತಿಗೆ ಬರುವುದೇಕೆಂದರೆ, ಜೂಲಿಯನ್ ಮಾರ್ಚ್ 26ಕ್ಕೆ ಎಂಟು ದಿನ ಕೂಡಿಸಿದರೆ ಗ್ರೆಗೋರಿಯನ್ ಏಪ್ರಿಲ್ 3. ಉಳಿದ ಹನ್ನೊಂದು ದಿನ ನಿರಯನ ವರ್ಷ ಸಾಯನ ವರ್ಷಕ್ಕಿಂತ ತುಸು ಉದ್ದವಾಗಿರುವುದರ ಫಲ. ಅರವತ್ತು ವರ್ಷಕ್ಕೆ ಸುಮಾರು ಒಂದು ದಿನ ಜಾರುತ್ತದೆ.

ಉತ್ತರ ಭಾರತದ ಶಾಸನದಲ್ಲಿ ಇದೇ ವರ್ಷಕ್ಕೆ ಬೇರೆ ಸಂವತ್ಸರ ಕಂಡಿತು. ಯಾವುದು ಸರಿ?

ಅವರವರ ಲೆಕ್ಕಕ್ಕೆ ಎರಡೂ. ಮೂಲತಃ ಸಂವತ್ಸರ ಗುರುಗ್ರಹದ ಗತಿಗೆ ಸೇರಿದ್ದು. ಗುರು ಒಂದು ರಾಶಿ ದಾಟಲು ಸೌರವರ್ಷಕ್ಕಿಂತ ನಾಲ್ಕೈದು ದಿನ ಕಡಮೆ ಸಾಕು. ಹಾಗಾಗಿ ಸುಮಾರು 85 ವರ್ಷಕ್ಕೊಮ್ಮೆ ಒಂದು ಹೆಸರನ್ನು ಹಾರಿಸಬೇಕು. ಉತ್ತರದವರು ಹಾರಿಸುತ್ತ ಬಂದರು. ದಕ್ಷಿಣದವರು ಹತ್ತನೇ ಶತಮಾನದ ಆರಂಭದ ಹೊತ್ತಿಗೆ ಆ ಪದ್ಧತಿ ಕೈಬಿಟ್ಟು ವರ್ಷಕ್ಕೊಂದು ಹೆಸರೆಂದು ಸಾಗಿದರು. 1368ರ ಹೊತ್ತಿಗೆ ಅಂತರ ಐದಾರು ಹೆಸರು. ಈಗ ಹದಿಮೂರರ ಆಸುಪಾಸು. ದಕ್ಷಿಣದ ಸೂತ್ರವನ್ನು ಉತ್ತರದ ಶಾಸನಕ್ಕೆ ಹಾಕಬೇಡಿ.

ವಾರ ಹೊಂದಲಿಲ್ಲ ಅಂದ್ರೆ ಆ ಶಾಸನ ಖೊಟ್ಟಿ ಅಂತಲೇ?

ಆತುರ ಬೇಡ. ಮೊದಲು ನಿಮ್ಮ ಲೆಕ್ಕವನ್ನೇ ಅನುಮಾನಿಸಿ: ಜೂಲಿಯನ್ ಬದಲು ಗ್ರೆಗೋರಿಯನ್ ಹಿಡಿದಿರಾ, ಗತದ ಬದಲು ವರ್ತಮಾನ ಹಿಡಿದಿರಾ, ಅಧಿಕಮಾಸ ತಪ್ಪಿತೇ? ಆಮೇಲೆ ತಿಥಿಯ ಅಂಚು. ತಿಥಿ ಸೂರ್ಯೋದಯಕ್ಕೆ ಇದ್ದದ್ದೇ ಆ ದಿನದ್ದು ಎಂಬುದು ಸಾಮಾನ್ಯ ನಿಯಮ, ಆದರೆ ಗ್ರಹಣ, ಸಂಕ್ರಮಣ, ರಾತ್ರಿಯ ಪೂಜೆಯ ದಾನಗಳಲ್ಲಿ ಕೃತ್ಯ ನಡೆದ ಗಳಿಗೆಯ ತಿಥಿಯನ್ನೇ ಬರೆದಿರುತ್ತಾರೆ. ನಮ್ಮ ಸರಾಸರಿ ಲೆಕ್ಕಕ್ಕೂ ನಿಜವಾದ ಚಂದ್ರನಿಗೂ ಅರ್ಧ ದಿನದಷ್ಟು ವ್ಯತ್ಯಾಸ ಸಹಜ. ಒಂದು ದಿನದ ಅಂತರವನ್ನು ಇವು ನುಂಗುತ್ತವೆ. ಮೂರು-ನಾಲ್ಕು ದಿನದ ಅಂತರವನ್ನು ನುಂಗುವುದಿಲ್ಲ. ಆಗ ಪಾಠವನ್ನು ಕಲ್ಲಿನ ಮೇಲೇ ಮತ್ತೆ ಓದಬೇಕು, ಆಮೇಲೆ ಲಿಪಿ ಮತ್ತು ಭಾಷೆ ಆ ಕಾಲಕ್ಕೆ ಹೊಂದುತ್ತವೆಯೇ ನೋಡಬೇಕು.

ವಾರ ಹೊಂದಿದ ಮಾತ್ರಕ್ಕೆ ಎಲ್ಲ ಸಾಚಾ ಎಂದೂ ಅಲ್ಲ. ಯಾವ ತಪ್ಪು ತಾರೀಖಿಗೂ ಏಳರಲ್ಲಿ ಒಂದು ಪಾಲು ವಾರ ತಾನಾಗಿ ಕೂಡುತ್ತದೆ. ಬೆಳಗೊಳದ ಶಾಸನವನ್ನು ನಂಬುವುದು ವಾರ ಕೂಡಿತೆಂದಷ್ಟೇ ಅಲ್ಲ. ಶಕ, ಸಂವತ್ಸರ, ವಾರ ಒಟ್ಟಿಗೆ ಕೂಡಿವೆ, ಮಾಗಡಿ ಬಳಿಯ ಕಲ್ಯದಲ್ಲಿ ಅದೇ ತೀರ್ಮಾನದ ಇನ್ನೊಂದು ಪ್ರತಿಯೂ ಇದೆ.

ನಮ್ಮೂರಿನ ಇತಿಹಾಸದಲ್ಲಿ ಇಂಥ ತಾರೀಖನ್ನ ಹೇಗೆ ಬರೀಬೇಕು?

ಮೂಲದಲ್ಲಿ ಇದ್ದಂತೆಯೇ ಮೊದಲು, ತಿರುಗಿಸಿದ್ದು ಆಮೇಲೆ: “ಶಕ 1290 ಕೀಲಕ ಸಂ. ಭಾದ್ರಪದ ಶು 10 ಬೃ (ಗುರುವಾರ, 24 ಆಗಸ್ಟ್ 1368, ಜೂಲಿಯನ್)”. ಮಾಸ ಗೊತ್ತಿಲ್ಲದೆ ಶಕ ಮಾತ್ರ ಇದ್ದರೆ 1368–69 ಎಂದು ಎರಡೂ ಇಸವಿ ಕೊಡಿ. ಕಲ್ಲು ಒಡೆದು ಅಂಕಿ ಹೋಗಿ, ಓದುಗರೇ ತುಂಬಿದ್ದರೆ ಅದನ್ನು ಚೌಕ ಕಂಸದಲ್ಲಿ ಹಾಕಿ. ಎಂಟು ದಿನ ಕೂಡಿಸಿ ಗ್ರೆಗೋರಿಯನ್‌ಗೆ ತಿರುಗಿಸಿ ಅಚ್ಚು ಹಾಕಬೇಡಿ. ಮುಂದಿನವರು ಅದನ್ನೇ ಜೂಲಿಯನ್ ಎಂದುಕೊಂಡು ಇನ್ನೊಮ್ಮೆ ಎಂಟು ಕೂಡಿಸುತ್ತಾರೆ.